ಸೀರೆಯನ್ನು ಬಾಗಿಲಿಗೆ ತಂದು ನೋಡುವ ನಾವು ಮಾನಿಟರನ್ನು ಹೇಗೆ ಕೊಳ್ಳಬೇಕು?



ಸೀರೆ ಅಂಗಡಿಗೆ ಹೋದಾಗ ನಾವೆಲ್ಲರೂ ತಪ್ಪದೆ ಮಾಡುವ ಕೆಲಸವೊಂದುಂಟು. ಅಂಗಡಿಯವರು ದೀಪದ ಕೆಳಗೆ ಹರವಿದ ಸೀರೆ ಎಷ್ಟೇ ಚೆಂದ ಕಾಣಲಿ, ಅದನ್ನು ಎತ್ತಿಕೊಂಡು ಬಾಗಿಲಿಗೆ ಬಂದು, ಹಗಲ ಬೆಳಕಿನಲ್ಲಿ ಒಮ್ಮೆ ನೋಡದೆ ದುಡ್ಡು ಬಿಚ್ಚುವುದಿಲ್ಲ. ಒಳಗೆ ನೇರಳೆಯಾಗಿದ್ದದ್ದು ಹೊರಗೆ ಕಂದು ಬಣ್ಣವಾಗಿ ಕಂಡು ಎಷ್ಟು ಸಲ ಮರಳಿ ಇಟ್ಟಿಲ್ಲ! ಇಷ್ಟು ಜಾಣತನವಿದ್ದ ನಾನು, ಮಗಳ ಕಂಪ್ಯೂಟರಿನ ಪರದೆಯ ವಿಷಯದಲ್ಲಿ ಮಾತ್ರ ಆರು ಸಾವಿರ ರೂಪಾಯಿ ಕಳೆದ ಮೇಲೆಯೇ ಬುದ್ಧಿ ಕಲಿತೆ. ಅದನ್ನು ನಿಮ್ಮ ಮುಂದೆ ಇಡುತ್ತೇನೆ. ನೀವಾದರೂ ಮೊದಲೇ ಎಚ್ಚರವಾಗಿರಿ.

“ಇದು ಗಂಡಸರ ವಿಷಯ, ನಮಗ್ಯಾಕೆ?” ಎನ್ನಬೇಡಿ. ಈಗ ನಮ್ಮಂಥ ಸಣ್ಣ ಊರುಗಳಲ್ಲಿಯೂ ಹೆಣ್ಣುಮಕ್ಕಳು ಮನೆಯಲ್ಲಿಯೇ ಕುಳಿತು ಲಗ್ನಪತ್ರಿಕೆ, ಅಂಗಡಿಯ ಬೋರ್ಡು, ಉಪ್ಪಿನಕಾಯಿ ಡಬ್ಬಿಯ ಚೀಟಿ, ಮದುವೆ ಆಲ್ಬಮ್ಮು ತಯಾರಿಸುತ್ತಾರೆ. ಅವರ ಕೈಗೆ ಸರಿಯಾದ ಪರದೆ ಕೊಡುವುದೆಂದರೆ, ಹೊಲಿಯುವವಳಿಗೆ ಸರಿಯಾದ ಹೊಲಿಗೆ ಯಂತ್ರ ಕೊಟ್ಟ ಹಾಗೆ. ಅದಕ್ಕೆ ದುಡ್ಡು ಹೋಗುವುದು ನಮ್ಮ ಉಳಿತಾಯದ ಡಬ್ಬಿಯಿಂದಲೇ ತಾನೆ?

ನಮ್ಮ ಮನೆ ಇರುವುದು ರಾಣೆಬೆನ್ನೂರಿನಲ್ಲಿ. ಮನೆಯವರು ಬೀಜದ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಾರೆ. ನನ್ನ ತವರು ಬ್ಯಾಡಗಿ. ಹಾವೇರಿ ಜಿಲ್ಲೆಯ ಕೇಂದ್ರ. ಮೂರೂ ಊರು ಒಂದೇ ರೈಲು ಹಾದಿಯಲ್ಲಿ ಸಾಲಾಗಿ ಇವೆ. ಬೆಳಿಗ್ಗೆ ಹೋಗಿ ಸಂಜೆ ಅಡಿಗೆಯ ಹೊತ್ತಿಗೆ ಮರಳಬಹುದು. ಮಗಳು ಡಿಗ್ರಿ ಮುಗಿಸಿ, ಡಿಸೈನ್ ಕೆಲಸ ಕಲಿತು, ಅಣ್ಣನ ಹಳೆಯ ಲ್ಯಾಪ್‌ಟಾಪಿನಲ್ಲಿಯೇ ಸಣ್ಣ ಪುಟ್ಟ ಕೆಲಸ ಮಾಡುತ್ತಿದ್ದಳು.

ಬ್ಯಾಡಗಿಯಲ್ಲಿ ನಮ್ಮ ಅವ್ವನ ಓಣಿಯ ಹನ್ನೆರಡು ಮಂದಿ ಹೆಂಗಸರು ಸೇರಿ ಖಾರದ ಪುಡಿ ಮಾಡಿ ಮಾರುತ್ತಾರೆ. ಅವರ ಪೊಟ್ಟಣಕ್ಕೆ ಅಂಟಿಸುವ ಚೀಟಿಯ ಕೆಲಸ ಮಗಳಿಗೆ ಸಿಕ್ಕಿತು. ಕೆಂಪು ಮೆಣಸಿನಕಾಯಿ ರಾಶಿಯ ಚಿತ್ರ, ಮೇಲೆ ಹೆಸರು. ಎರಡು ಸಾವಿರ ಚೀಟಿ, ಖರ್ಚು ಆರು ಸಾವಿರ; ಒಬ್ಬೊಬ್ಬರು ಐನೂರರಂತೆ ಹಾಕಿದ್ದರು. ಪರದೆಯ ಮೇಲೆ ಚಿತ್ರ ಮಬ್ಬಾಗಿ, ಸ್ವಲ್ಪ ನೀಲಿ ಹೊಡೆದಂತೆ ಕಾಣುತ್ತಿತ್ತು. “ಕ್ಯಾಮೆರಾದ ದೋಷ ಇರಬೇಕವ್ವಾ” ಎಂದು ಮಗಳು ಅದಕ್ಕೆ ಹಳದಿ ಸೇರಿಸಿದಳು, ಕೆಂಪು ಏರಿಸಿದಳು. ಕಡೆಗೆ ಪರದೆಯ ಮೇಲೆ ಥೇಟ್ ಬ್ಯಾಡಗಿ ಕಾಯಿಯ ಹಾಗೆ ಕಂಡಿತು. ನಾನೂ ನೋಡಿ ಭೇಷ್ ಎಂದೆ.

ಅಚ್ಚಾಗಿ ಬಂದ ಕಟ್ಟು ಬಿಚ್ಚಿದರೆ ಮೆಣಸಿನಕಾಯಿ ಇಟ್ಟಂಗಿ ಬಣ್ಣ! ಕಾಯಿಯ ಸುಕ್ಕುಗಳೆಲ್ಲ ಅಳಿಸಿ ಹೋಗಿ, ಕಿತ್ತಳೆಯ ಮುದ್ದೆಯಂತೆ ಕಾಣುತ್ತಿತ್ತು. ಅಚ್ಚುಕೂಟದವರು, “ನೀವು ಕೊಟ್ಟಂಗ ಹಾಕೇವ್ರೀ” ಎಂದರು. ಅವರ ಮಾತು ಸುಳ್ಳಲ್ಲ. ಸಂಘದ ಹೆಂಗಸರು ಬೈಯಲಿಲ್ಲ, ಬೈದಿದ್ದರೇ ಚೆನ್ನಾಗಿತ್ತು. ಒಬ್ಬಾಕೆ ಮಾತ್ರ ಮೆಲ್ಲಗೆ, “ಇದನ್ನ ಹಚ್ಚಿದ್ರ ಒಳಗಿನ ಪುಡೀಗೆ ಬಣ್ಣ ಬೆರಸ್ಯಾರ ಅಂತಾರವ್ವಾ” ಎಂದಳು. ಬಣ್ಣಕ್ಕೇ ಹೆಸರಾದ ಊರಿನ ಪುಡಿಗೆ ಅಂಥ ಮಾತು ಬಂದರೆ ಮುಗಿಯಿತಲ್ಲವೆ?

ಆ ರಾತ್ರಿ ಮಗಳು, “ನನಗ ಬಣ್ಣ ತಿಳಿಯಂಗಿಲ್ಲ ಬಿಡವ್ವಾ” ಎಂದು ಲ್ಯಾಪ್‌ಟಾಪ್ ಮುಚ್ಚಿಟ್ಟಳು. ಬಂದ ಎರಡು ಲಗ್ನಪತ್ರಿಕೆಯ ಕೆಲಸವನ್ನೂ ಹಿಂದಕ್ಕೆ ಕಳಿಸಿದಳು. ಆರು ಸಾವಿರಕ್ಕಿಂತ ನನಗೆ ಇದೇ ಹೆಚ್ಚಿನ ಸಂಕಟವಾಯಿತು.

ಮುಂದಿನ ಸೋಮವಾರ ಅವಳನ್ನು ಕರೆದುಕೊಂಡು ತವರಿಗೆ ಹೋದೆ. ನನ್ನ ಅವ್ವ ಹರೆಯದಿಂದಲೂ ಮೆಣಸಿನಕಾಯಿ ತುಂಬು ಬಿಡಿಸುವ ಕೂಲಿ ಮಾಡಿದವಳು. ಚೀಟಿಯನ್ನು ಕೈಗೆ ಕೊಟ್ಟರೆ ಅವಳು ಅಂಗಳಕ್ಕೆ ನಡೆದು ಬಿಸಿಲಿನ ಮಗ್ಗುಲ ನೆರಳಿನಲ್ಲಿ ಹಿಡಿದಳು. “ಕಾಯಿ ಹಿಂಗ ಇರಂಗಿಲ್ಲ. ನೀ ಎಲ್ಲಿ ಕುಂತು ನೋಡಿದಿ?” ಎಂದು ಮೊಮ್ಮಗಳನ್ನು ಕೇಳಿದಳು. ಅವಳು ಕೇಳಿದ್ದು ಕುಳಿತ ಜಾಗದ ಬೆಳಕಿನ ವಿಷಯ. ಆದರೆ ಮಗಳಿಗೆ ಥಟ್ಟನೆ ಹೊಳೆಯಿತು: ನೋಡಿದ ಕಣ್ಣಿನಲ್ಲಿ ತಪ್ಪಿಲ್ಲ, ನೋಡಿದ ಪರದೆಯಲ್ಲಿ ತಪ್ಪು!

ನಮ್ಮ ಬ್ಯಾಡಗಿ ಕಾಯಿಯ ವಿಷಯ ನಿಮಗೆ ಗೊತ್ತೇ ಇದೆ. ಖಾರ ಕಡಿಮೆ, ಬಣ್ಣ ಹೆಚ್ಚು. ದುಂಡಗಿನ ಡಬ್ಬಿ, ಉದ್ದನೆಯ ಸುಕ್ಕುಗಟ್ಟಿದ ಕಡ್ಡಿ ಎಂದು ಎರಡು ಬಗೆ. 2011ರಲ್ಲಿ ಇದಕ್ಕೆ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಸಿಕ್ಕಿತು. ಇದರಿಂದ ತೆಗೆಯುವ ಓಲಿಯೋರೆಸಿನ್ ಎಂಬ ಕೆಂಪು ಸಾರ ತಿಂಡಿ ತಿನಿಸಿಗೂ ಸೌಂದರ್ಯ ಸಾಧನಗಳಿಗೂ ಹೋಗುತ್ತದೆ. ಕಾಯಿಯ ಕೆಂಪನ್ನು ಬರೀ ಕಣ್ಣಂದಾಜಿನಲ್ಲಿ ಬಿಡದೆ, ಆಸ್ಟಾ ಎಂಬ ಅಳತೆಯಲ್ಲಿ ಅಂಕಿ ಹಾಕಿ ಹೇಳುತ್ತಾರೆ. ಪರದೆಯ ಬಣ್ಣಕ್ಕೂ ಹೀಗೆಯೇ ಅಳತೆಗಳುಂಟು. ಅದನ್ನು ತಿಳಿಯದೆ ‘ದೊಡ್ಡದು, ಥಳಥಳಿಸುವುದು’ ಎಂದು ಕೊಂಡರೆ ಮೋಸ ಹೋಗುತ್ತೇವೆ.

ಮಗಳೂ ನಾನೂ ಹದಿನೈದು ದಿನ ಕೂತು ಈ ಅಳತೆಗಳನ್ನು ತಿಳಿದುಕೊಂಡೆವು. ಎಸ್.ಎಸ್.ಎಲ್.ಸಿ. ಓದಿದ ನನಗೇ ತಿಳಿಯಿತೆಂದ ಮೇಲೆ ನಿಮಗೆ ತಿಳಿಯದೆ ಇರದು. ಒಂದೊಂದಾಗಿ ಹೇಳುತ್ತೇನೆ.

ಮೊದಲನೆಯದು, ಪರದೆಯ ಜಾತಿ. ಟಿಎನ್, ವಿಎ, ಐಪಿಎಸ್ ಎಂದು ಸಾಮಾನ್ಯವಾಗಿ ಮೂರು ಬಗೆ ಸಿಗುತ್ತವೆ. ಟಿಎನ್ ಪರದೆಯಲ್ಲಿ ತಲೆ ಸ್ವಲ್ಪ ಮೇಲೆ ಕೆಳಗೆ ಆದರೂ ಬಣ್ಣ ಬದಲಾಗುತ್ತದೆ. ವಿಎ ಪರದೆಯಲ್ಲಿ ಕಪ್ಪು ಗಾಢವಾಗಿ ಕಾಣುತ್ತದೆ, ಸಿನಿಮಾ ನೋಡಲು ಸೊಗಸು. ಆದರೆ ಮಗ್ಗುಲಿನಿಂದ ನೋಡಿದರೆ ಬಣ್ಣ ತೆಳುವಾಗುತ್ತದೆ. ಐಪಿಎಸ್‌ನಲ್ಲಿ ಎಡಕ್ಕೆ ಬಲಕ್ಕೆ ಸರಿದರೂ ಬಣ್ಣ ಬಹುಮಟ್ಟಿಗೆ ನಿಲ್ಲುತ್ತದೆ. ಕಡಿಮೆ ದುಡ್ಡಿನಲ್ಲಿ ಬಣ್ಣದ ಕೆಲಸಕ್ಕೆ ಐಪಿಎಸ್ಸೇ ಸರಿ.

ಎರಡನೆಯದು, ಎಷ್ಟು ಬಣ್ಣ ತೋರಿಸುತ್ತದೆ ಎಂಬ ಅಳತೆ. ಎಸ್‌ಆರ್‌ಜಿಬಿ ಎಂಬುದು ಕಂಪ್ಯೂಟರಿನ ಬಣ್ಣಗಳಿಗೆ ಹಾಕಿಕೊಟ್ಟ ಗೆರೆ. ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ಕಂಪನಿಗಳು 1996ರಲ್ಲಿ ಇದನ್ನು ಮುಂದಿಟ್ಟವು. 1999ರಲ್ಲಿ ಅಂತರರಾಷ್ಟ್ರೀಯ ಮಾನಕವಾಯಿತು. ಮಾನಿಟರಿನ ವಿವರದಲ್ಲಿ ‘ಎಸ್‌ಆರ್‌ಜಿಬಿ ಶೇಕಡಾ 99’ ಅಥವಾ ‘100’ ಎಂದಿರಬೇಕು. ಕೆಲವರು ಇದರ ಬದಲು ಎನ್‌ಟಿಎಸ್‌ಸಿ ಎಂದು ಬರೆದಿರುತ್ತಾರೆ. ಅದು ಅಮೆರಿಕದ ಹಳೆಯ ಬಣ್ಣದ ಟಿವಿಯ ಅಳತೆ. ಅದರಲ್ಲಿ ಶೇಕಡಾ 72 ಎಂದರೆ ಹೆಚ್ಚುಕಡಿಮೆ ಪೂರ್ತಿ ಎಸ್‌ಆರ್‌ಜಿಬಿಯಷ್ಟು. ಶೇಕಡಾ 45 ಎಂದಿದ್ದರೆ ರೂಪಾಯಿಗೆ ಹತ್ತಾಣೆಯಷ್ಟೇ ಬಣ್ಣ ಎಂದು ತಿಳಿಯಿರಿ. ನಮ್ಮ ಲ್ಯಾಪ್‌ಟಾಪಿನದು ಈ 45ರ ಪರದೆಯೇ! ಇಲ್ಲದ ಕೆಂಪನ್ನು ತೋರಿಸಲು ಅದಕ್ಕೆ ಸಾಧ್ಯವಿರಲಿಲ್ಲ. ಕಡಿಮೆಯಾಯಿತೆಂದು ಮಗಳು ಏರಿಸಿದಳು. ಏರಿಸಿದ್ದು ಕಾಗದದ ಮೇಲೆ ಹೊರಬಿತ್ತು.

ಮೂರನೆಯದು, ಬಣ್ಣ ಎಷ್ಟು ನಿಜ ಎಂಬುದು. ಇದಕ್ಕೆ ಡೆಲ್ಟಾ ಇ ಎನ್ನುತ್ತಾರೆ. ಇರಬೇಕಾದ ಬಣ್ಣಕ್ಕೂ ತೋರಿಸುವ ಬಣ್ಣಕ್ಕೂ ಇರುವ ಅಂತರವಿದು. ಆದ್ದರಿಂದ ಅಂಕಿ ಚಿಕ್ಕದಾದಷ್ಟೂ ಒಳ್ಳೆಯದು. ಎರಡಕ್ಕಿಂತ ಕಡಿಮೆ ಇದ್ದರೆ ವ್ಯತ್ಯಾಸ ಸಾಮಾನ್ಯ ಕಣ್ಣಿಗೆ ತಿಳಿಯುವುದು ಕಷ್ಟ. ಬಣ್ಣದ ಕೆಲಸಕ್ಕೆಂದೇ ಮಾಡಿದ ಕೆಲವು ಮಾನಿಟರುಗಳನ್ನು ಕಾರ್ಖಾನೆಯಲ್ಲಿಯೇ ಹೊಂದಿಸಿ ಕಳಿಸುತ್ತಾರೆ. ಆಸುಸ್ ಕಂಪನಿಯ ಪ್ರೋಆರ್ಟ್ ಸಾಲಿನಲ್ಲಿ ಪಿಎ248ಕ್ಯೂವಿ ಎಂಬುದು ಎಸ್‌ಆರ್‌ಜಿಬಿ ಶೇಕಡಾ 100, ಡೆಲ್ಟಾ ಇ ಎರಡಕ್ಕಿಂತ ಕಡಿಮೆ ಎಂದು ಹೇಳಿಕೊಂಡು ಬಂದಂಥದು. ಕೈಯಲ್ಲಿ ಹೆಚ್ಚು ದುಡ್ಡಿದ್ದರೆ ಅಂಥದನ್ನು ನೋಡಿ.

ನಾಲ್ಕನೆಯದು, ಬಿಟ್ ಎಂಬ ಲೆಕ್ಕ. 8 ಬಿಟ್ ಪರದೆ 1 ಕೋಟಿ 67 ಲಕ್ಷಕ್ಕೂ ಹೆಚ್ಚು ಛಾಯೆಗಳನ್ನು ತೋರಿಸುತ್ತದೆ. 6 ಬಿಟ್ ಪರದೆಗೆ ಸ್ವಂತವಾಗಿ ಬರುವುದು 2 ಲಕ್ಷ 62 ಸಾವಿರ ಮಾತ್ರ. ಉಳಿದದ್ದನ್ನು ಬೇಗ ಬೇಗ ಬಣ್ಣ ಬದಲಿಸಿ ಕಣ್ಣಿಗೆ ಇದ್ದಂತೆ ಮಾಡುತ್ತದೆ. ಅಗ್ಗದ ಮಾನಿಟರಿನಲ್ಲಿ ಈ ಎರಡನೆಯ ಬಗೆ ಬಹಳ. ಸಣ್ಣ ಕೆಲಸಕ್ಕೆ ಇದೂ ನಡೆಯುತ್ತದೆ. ಒಂದೇ ಬೆಲೆಗೆ ಎರಡೂ ಸಿಕ್ಕರೆ 8 ಬಿಟ್ಟೇ ಇರಲಿ.

ಐದನೆಯದು, ಅಳತೆ ಮತ್ತು ಕಾಳಿನ ಲೆಕ್ಕ. ಪರದೆಯ ಚಿತ್ರ ಸಣ್ಣ ಸಣ್ಣ ಚುಕ್ಕೆಗಳ ರಂಗೋಲಿ ಇದ್ದ ಹಾಗೆ. 24 ಇಂಚಿಗೆ 1920 ಅಡ್ಡ 1080 ಚುಕ್ಕೆ ಸಾಕು. 27 ಇಂಚು ಬೇಕೆಂದರೆ 2560 ಅಡ್ಡ 1440 ಇರಬೇಕು. ಇಲ್ಲದಿದ್ದರೆ ಅಕ್ಷರಗಳು ಒರಟಾಗಿ ಕಾಣುತ್ತವೆ. ದುಡ್ಡು ಕಡಿಮೆ ಇದ್ದವರು 24 ಇಂಚಿಗೇ ನಿಲ್ಲುವುದು ಜಾಣತನ.

ಇಷ್ಟು ತಿಳಿದುಕೊಂಡು ನಮ್ಮೂರಿನ ಅಂಗಡಿಯೊಂದಕ್ಕೆ ಹೋದೆವು. ಅಲ್ಲಿಯ ಹುಡುಗ 32 ಇಂಚಿನ, ಬಾಗಿದ ಪರದೆಯೊಂದನ್ನು ಹಚ್ಚಿ ತೋರಿಸಿದ. ಅಬ್ಬಾ, ಏನು ಥಳಕು! ಗಿಳಿಯ ಹಸಿರು ಕಣ್ಣು ಕುಕ್ಕುವಂತಿತ್ತು. “ಇದಕ್ಕ 165 ಹರ್ಟ್ಸ್ ಐತ್ರೀ” ಎಂದ. ಅದೆಂದರೆ ಒಂದು ಸೆಕೆಂಡಿಗೆ ಚಿತ್ರ ಎಷ್ಟು ಸಲ ಬದಲಾಗುತ್ತದೆ ಎಂಬ ಲೆಕ್ಕ. ಆಟ ಆಡುವ ಹುಡುಗರಿಗೆ ಅದು ಬೇಕು. ನಿಂತ ಚಿತ್ರಕ್ಕೆ ಬಣ್ಣ ಕಟ್ಟುವವಳಿಗೆ ಅದಕ್ಕಾಗಿ ಹೆಚ್ಚು ದುಡ್ಡು ಏಕೆ? ಐಪಿಎಸ್ ಇದೆಯೇ ಎಂದು ಮಗಳು ಕೇಳಿದಳು. ಅದು ವಿಎ ಪರದೆ. ನಮಸ್ಕಾರ ಹೇಳಿ ಬಂದೆವು.

ಮರುವಾರ ಹಾವೇರಿಗೆ ಹೋದೆವು. ಈ ಸಲ ಚೀಲದಲ್ಲಿ ನಾಲ್ಕು ವಸ್ತುಗಳಿದ್ದವು: ಅವ್ವ ಕೊಟ್ಟ ಒಂದು ಹಿಡಿ ಕಡ್ಡಿ ಮೆಣಸಿನಕಾಯಿ, ಕೆಟ್ಟುಹೋದ ಚೀಟಿ, ಒಂದು ಬಿಳಿ ಹಾಳೆ, ಒಂದು ಪೆನ್‌ಡ್ರೈವ್. ಪೆನ್‌ಡ್ರೈವಿನಲ್ಲಿ ನಾಲ್ಕು ಚಿತ್ರ ಹಾಕಿದ್ದಳು: ಅದೇ ಮೆಣಸಿನಕಾಯಿ ರಾಶಿ, ಅರಿಷಿಣ ಹಚ್ಚಿದ ಮದುಮಗಳ ಮುಖ, ಹಸಿರು ಗಾಜಿನ ಬಳೆ, ಮತ್ತು ಕಪ್ಪಿನಿಂದ ಬಿಳಿಯವರೆಗೆ ಇಪ್ಪತ್ತು ಮೆಟ್ಟಿಲಿನ ಬೂದು ಬಣ್ಣದ ಪಟ್ಟಿ. ನೀವೂ ಹೀಗೆಯೇ ಮಾಡಿ. ಅಂಗಡಿಯವರ ಚಿತ್ರದಲ್ಲಿ ಯಾವ ಪರದೆಯೂ ಚೆಂದವೇ. ನಿಮ್ಮ ಮನೆಯ ಚಿತ್ರ ಹಾಕಿ ನೋಡಿ.

ಅಂಗಡಿಯವರು ಒಳ್ಳೆಯವರು. ಬೇಸರಪಡದೆ ಮೂರು ಮಾನಿಟರನ್ನು ಸಾಲಾಗಿ ಇಟ್ಟು ಹಚ್ಚಿದರು. ಮೊದಲು ಬರೀ ಬಿಳಿಯ ಪುಟ ತೆಗೆಸಿ, ಪಕ್ಕಕ್ಕೆ ನಮ್ಮ ಹಾಳೆ ಹಿಡಿದೆವು. ಒಂದು ಪರದೆ ನೀಲ ಹಾಕಿದ ಪಂಚೆಯ ಹಾಗಿತ್ತು. ಅಂಗಡಿಗಳಲ್ಲಿ ಪರದೆಯನ್ನು ಥಳಥಳಿಸುವ ಹಾಗೆ ಇಟ್ಟಿರುತ್ತಾರೆ. ಎಸ್‌ಆರ್‌ಜಿಬಿ ಮೋಡಿಗೆ ಹಾಕಿ ಎಂದು ಕೇಳಬೇಕು. ಆಮೇಲೆ ಬೂದು ಪಟ್ಟಿ. ಇಪ್ಪತ್ತು ಮೆಟ್ಟಿಲೂ ಬೇರೆ ಬೇರೆ ಕಾಣಬೇಕು, ಯಾವುದರಲ್ಲೂ ಗುಲಾಬಿ ಅಥವಾ ಹಸಿರಿನ ಛಾಯೆ ಇರಬಾರದು. ಆಮೇಲೆ ಎಡಕ್ಕೂ ಬಲಕ್ಕೂ ಸರಿದು, ಎದ್ದು ನಿಂತು ಮದುಮಗಳ ಮುಖ ನೋಡಿದೆವು. ಕಡೆಗೆ ಮೆಣಸಿನಕಾಯಿ ರಾಶಿಯ ಪಕ್ಕಕ್ಕೆ ನಿಜವಾದ ಕಾಯಿ ಹಿಡಿದೆವು. ಅಂಗಡಿಯಲ್ಲಿದ್ದವರು ನಕ್ಕರು. ನಗಲಿ, ದುಡ್ಡು ನಮ್ಮದು!

ಮೂರರಲ್ಲಿ ಒಂದು ಪರದೆಯಲ್ಲಿ ಕೆಂಪು ಕಾಯಿಗಿಂತಲೂ ಹೆಚ್ಚು ಕೆಂಪಾಗಿತ್ತು. ನನಗೆ ಅದೇ ಹಿಡಿಸಿತು. ಮಗಳು ಬೇಡವೆಂದಳು. ಅದು ಎಸ್‌ಆರ್‌ಜಿಬಿಗಿಂತ ಹೆಚ್ಚು ಬಣ್ಣ ತೋರಿಸುವ ಪರದೆ. ಎಸ್‌ಆರ್‌ಜಿಬಿ ಮೋಡು ಅದರಲ್ಲಿ ಇರಲಿಲ್ಲ. ಸಾಧಾರಣ ಚಿತ್ರಗಳೂ ಅದರಲ್ಲಿ ಅತಿ ಗಾಢವಾಗಿ ಕಾಣುತ್ತವೆ. ಅದನ್ನು ನಂಬಿ ಬಣ್ಣ ಇಳಿಸಿದರೆ ಅಚ್ಚಿನಲ್ಲಿ ಸಪ್ಪೆಯಾಗುತ್ತದೆ. ಮೊದಲ ತಪ್ಪಿನ ಇನ್ನೊಂದು ಮಗ್ಗುಲು ಇದು. ಹೆಚ್ಚು ತೋರಿಸುವುದೂ ಸುಳ್ಳೇ, ಕಡಿಮೆ ತೋರಿಸುವುದೂ ಸುಳ್ಳೇ.

ಉಳಿದದ್ದು ನೋಡಲು ಏನೂ ಆಡಂಬರವಿಲ್ಲದ 24 ಇಂಚಿನ ಐಪಿಎಸ್, ಎಸ್‌ಆರ್‌ಜಿಬಿ ಶೇಕಡಾ 99, ಹೊಳಪಿಲ್ಲದ ಮ್ಯಾಟ್ ಮೈ. ಅದರಲ್ಲಿ ಕಾಯಿ ಕಾಯಿಯ ಹಾಗೆಯೇ ಕಂಡಿತು. ಮೂರು ವರ್ಷದ ವಾರಂಟಿ ಸೇರಿ ಹತ್ತು ಸಾವಿರದ ಹತ್ತಿರ ಬಿತ್ತು. ಬಿಲ್ಲು ಬರೆಸಿಕೊಂಡು, ಸತ್ತ ಚುಕ್ಕೆ ಇದೆಯೇ ಎಂದು ಅಲ್ಲಿಯೇ ಕಪ್ಪು ಬಿಳುಪು ಹಾಕಿ ನೋಡಿ ತಂದೆವು. ದುಡ್ಡು ನನ್ನ ಭಿಸಿಯದು. ಬಳೆ ಮಾಡಿಸಬೇಕೆಂದು ಇಟ್ಟದ್ದು. ಮನೆಯವರು, “ಬಳಿ ಬ್ಯಾಡೇನು?” ಎಂದರು. “ಮುಂದಿನ ಸಲ” ಎಂದೆ.

ಪರದೆ ತಂದರೆ ಮುಗಿಯಲಿಲ್ಲ, ಇಡುವ ಜಾಗವೂ ಮುಖ್ಯ. ಕಿಟಕಿಯ ಎದುರಿಗೂ ಬೇಡ, ಕಿಟಕಿಗೆ ಬೆನ್ನು ಹಾಕಿಯೂ ಬೇಡ. ಕಿಟಕಿ ಮಗ್ಗುಲಿಗೆ ಇರಲಿ. ಹಳದಿ ಬಲ್ಬಿನ ಕೆಳಗೆ ಬಣ್ಣದ ಕೆಲಸ ಮಾಡಬಾರದು, ಬಿಳಿಯ ದೀಪವಿರಲಿ. ಬಣ್ಣದ ಶಾಖವೆಂಬ ಅಳತೆಯನ್ನು 6500ಕ್ಕೆ ಇಡಿ. ಅದು ಹಗಲ ಬೆಳಕಿನ ಅಳತೆ. ಕಣ್ಣಿಗೆ ತಂಪೆಂದು ರಾತ್ರಿ ಪರದೆಯನ್ನು ಹಳದಿ ಮಾಡುವ ನೈಟ್ ಲೈಟನ್ನು ಬಣ್ಣದ ಕೆಲಸದಲ್ಲಿ ಆರಿಸಿಡಿ. ಹೊಳಪು ತೀರ ಏರಿಸಬೇಡಿ. ಪಕ್ಕದ ಬಿಳಿ ಹಾಳೆಯಷ್ಟೇ ಬೆಳ್ಳಗಿರಲಿ. ಪರದೆ ಹಚ್ಚಿ ಅರ್ಧ ಗಂಟೆ ಬಿಟ್ಟು ಬಣ್ಣ ನೋಡಿ. ಹಿಂದಿನ ಗೋಡೆಗೆ ಗಾಢ ಬಣ್ಣವಿದ್ದರೆ ಅದೂ ಕಣ್ಣನ್ನು ಮೋಸಗೊಳಿಸುತ್ತದೆ. ನಮ್ಮ ಗೋಡೆ ಗಿಳಿ ಹಸಿರು. ಹಳೆಯ ಬಿಳಿ ದುಪ್ಪಟಿಯೊಂದನ್ನು ಇಳಿಬಿಟ್ಟೆವು.

ಬಣ್ಣ ಅಳೆದು ಹೊಂದಿಸುವ ಒಂದು ಸಣ್ಣ ಉಪಕರಣವಿದೆ, ಕಲರಿಮೀಟರ್ ಎಂದು ಹೆಸರು. ಅದರ ಬೆಲೆ ಮಾನಿಟರಿನಷ್ಟೇ ಅಥವಾ ಇನ್ನೂ ಹೆಚ್ಚು. ನಮ್ಮಂಥವರು ಕೊಳ್ಳಬೇಕಾಗಿಲ್ಲ. ಪರಿಚಯದ ಫೋಟೋ ಸ್ಟುಡಿಯೋದವರ ಹತ್ತಿರ ಇದ್ದರೆ ಒಂದು ದಿನಕ್ಕೆ ಕೇಳಿ ತರಬಹುದು. ಅದೂ ಇಲ್ಲವೆಂದರೆ ವಿಂಡೋಸ್‌ನಲ್ಲಿಯೇ ಪರದೆ ಹೊಂದಿಸುವ ಸಾಧನವಿದೆ, ಖರ್ಚಿಲ್ಲ. ಕಣ್ಣಳತೆಯದು, ಆದರೂ ಏನೂ ಇಲ್ಲದ್ದಕ್ಕಿಂತ ವಾಸಿ.

ಇನ್ನೊಂದು ಮಾತು ಮರೆಯಬೇಡಿ. ಪರದೆ ಬಣ್ಣ ಕಟ್ಟುವುದು ಕೆಂಪು, ಹಸಿರು, ನೀಲಿಯ ಬೆಳಕಿನಿಂದ. ಅಚ್ಚುಕೂಟ ಬಣ್ಣ ಕಟ್ಟುವುದು ನೀಲಿ, ಗುಲಾಬಿ, ಹಳದಿ, ಕಪ್ಪು ಶಾಯಿಯಿಂದ. ಬೆಳಕಿನ ಕೆಲವು ಬಣ್ಣಗಳು ಶಾಯಿಗೆ ಬರುವುದೇ ಇಲ್ಲ. ಎಂಥ ಬೆಲೆಯ ಮಾನಿಟರಾದರೂ ಇದು ತಪ್ಪಿದ್ದಲ್ಲ. ಆದ್ದರಿಂದ ಎರಡು ಸಾವಿರ ಹಾಕಿಸುವ ಮೊದಲು ಒಂದು ಹಾಳೆ ಹಾಕಿಸಿ, ಹಗಲಿನಲ್ಲಿ ನೋಡಿ. ಇಡೀ ಹಂಡೆ ಸಾರಿಗೆ ಉಪ್ಪು ಹಾಕುವ ಮುಂಚೆ ಒಂದು ಹನಿ ಅಂಗೈಗೆ ಹಾಕಿಕೊಳ್ಳುವುದಿಲ್ಲವೆ? ಅಷ್ಟೇ. ನಾವು ಮೊದಲೇ ಈ ಒಂದು ಹಾಳೆ ಹಾಕಿಸಿದ್ದರೂ ಆರು ಸಾವಿರ ಉಳಿಯುತ್ತಿತ್ತು.

ಮಗಳು ಚಿತ್ರವನ್ನು ಮೊದಲಿನಿಂದ ಮಾಡಿದಳು. ಈಗ ಪರದೆಯ ಮೇಲೆ ಮೂಲ ಚಿತ್ರ ಸರಿಯಾಗಿಯೇ ಇತ್ತು! ಕ್ಯಾಮೆರಾದ ದೋಷ ಎಳ್ಳಷ್ಟೂ ಇರಲಿಲ್ಲ. ಹಳದಿ ಸೇರಿಸುವ ಕೆಲಸವೇ ಬೀಳಲಿಲ್ಲ. ಒಂದು ಹಾಳೆ ಅಚ್ಚು ಹಾಕಿಸಿ ಬ್ಯಾಡಗಿಗೆ ಒಯ್ದೆವು. ಅವ್ವ ಮತ್ತೆ ಅಂಗಳಕ್ಕೆ ಹೋಗಿ, ಒಂದು ಕೈಯಲ್ಲಿ ಕಾಯಿ, ಒಂದು ಕೈಯಲ್ಲಿ ಚೀಟಿ ಹಿಡಿದು ಬಹಳ ಹೊತ್ತು ನೋಡಿದಳು. “ಒಂದ್ ಗುಲಗಂಜಿ ಕೆಂಪು ಕಮ್ಮಿ ಐತಿ. ಆದ್ರ ಇದು ನಮ್ಮ ಕಾಯಿನ” ಎಂದಳು. ಸಂಘದವರು ಅದನ್ನೇ ಒಪ್ಪಿದರು. ಎರಡನೆಯ ಸಲದ ಅಚ್ಚಿನ ಖರ್ಚನ್ನು ಮಗಳು ಕೊಡುತ್ತೇನೆಂದಳು; ಅವರು ಅರ್ಧ ಮಾತ್ರ ತೆಗೆದುಕೊಂಡರು. ಹಿಂದಕ್ಕೆ ಕಳಿಸಿದ್ದ ಲಗ್ನಪತ್ರಿಕೆಗಳಲ್ಲಿ ಒಂದು ಮರಳಿ ಬಂತು, ಇನ್ನೊಂದು ಬೇರೆ ಕಡೆ ಹೋಗಿತ್ತು.

ಹಳೆಯ ಚೀಟಿಗಳು ಇನ್ನೂ ನಮ್ಮ ಅಟ್ಟದ ಮೇಲಿವೆ. ಹಿಂಬದಿಯಲ್ಲಿ ನಾನು ಕಿರಾಣಿ ಲೆಕ್ಕ ಬರೆಯುತ್ತೇನೆ.

ಕಡೆಗೆ ಅಡಿಗೆಮನೆಯ ಒಂದು ಸೂಚನೆ. ಬೆಳಕು ಬಿದ್ದಷ್ಟೂ ಮೆಣಸಿನಕಾಯಿಯ ಬಣ್ಣ ಇಳಿಯುತ್ತದೆ. ಬ್ಯಾಡಗಿಯಲ್ಲಿ ವ್ಯಾಪಾರಸ್ಥರು ಕಾಯಿಯನ್ನು ಶೀತಲಗೃಹದಲ್ಲಿ ಇಡುವುದು ಬಣ್ಣ ಕೆಡಬಾರದೆಂದೇ. ಖಾರದ ಪುಡಿಯನ್ನು ಗಾಜಿನ ಬಾಟಲಿಯಲ್ಲಿ ತುಂಬಿ ಕಿಟಕಿಯಲ್ಲಿ ಚೆಂದಕ್ಕೆ ಇಡಬೇಡಿ. ಚೆನ್ನಾಗಿ ಒಣಗಿದ ಡಬ್ಬಿಯಲ್ಲಿ ಮುಚ್ಚಿ, ತಂಪಾದ ಕತ್ತಲ ಜಾಗದಲ್ಲಿ ಇಡಿ.

ನಿಮ್ಮ ಮನೆಯ ಹೆಣ್ಣುಮಕ್ಕಳು ಇಂಥ ಕೆಲಸ ಮಾಡುತ್ತಿದ್ದರೆ, ಅವರು ಎಂಥ ಪರದೆಯ ಮುಂದೆ ಕುಳಿತಿದ್ದಾರೆ ಎಂದು ಇವತ್ತು ಒಮ್ಮೆ ಪಕ್ಕದಲ್ಲಿ ನಿಂತು ನೋಡಿ. ಕೈಯಲ್ಲಿ ಒಂದು ಮೆಣಸಿನಕಾಯಿ ಇರಲಿ. ಬರಲೆ? ಮುಂದಿನ ಸಂಚಿಕೆಯಲ್ಲಿ ಭೇಟಿಯಾಗೋಣ.